ಶಾಲು ಹೊದಿಸುವವರಲ್ಲಿ ಒಂದು ಬಿನ್ನಹ

ಕನ್ನಡ ಸಮ್ಮೇಳನಗಳಲ್ಲಿ ಮೈಸೂರು ಅರಸರ ಸ್ಮರಣೆಯಿಲ್ಲದ ಭಾಷಣ ಅಪರೂಪ. ಜಂಬೂಸವಾರಿ, ಅಂಬಾರಿ, ದೀಪಾಲಂಕಾರ ಇಷ್ಟನ್ನು ವರ್ಣಿಸಿ, ಚಪ್ಪಾಳೆ ಗಿಟ್ಟಿಸಿ ಇಳಿಯುವ ಭಾಷಣಕಾರರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಆದರೆ 1950ರ ಮೇ 22ರ ಸಂಜೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಚೇರಿಯ ವಿಷಯವನ್ನು ಅವರಲ್ಲೊಬ್ಬರೂ ಎತ್ತಿದ್ದಿಲ್ಲ.

ಅಂದು ನಾರ್ವೆ ದೇಶದ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು ಜರ್ಮನಿಯ ರಿಚರ್ಡ್ ಸ್ಟ್ರಾಸ್ ರಚಿಸಿದ ಕೊನೆಯ ನಾಲ್ಕು ಗೀತೆಗಳನ್ನು ಜಗತ್ತಿನಲ್ಲಿ ಮೊತ್ತಮೊದಲ ಬಾರಿಗೆ ಹಾಡಿದರು. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಕಚೇರಿಗೆ 4,800 ಡಾಲರುಗಳ ಹೊಣೆ ಹೊತ್ತವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಅವರು ಬಯಸಿದ್ದು ಆ ಹಾಡುಗಳ ಧ್ವನಿಮುದ್ರಣವೊಂದು ಮೈಸೂರಿಗೆ ಬರಲೆಂದು. ಸಭೆಗೆ ಅವರು ಹೋಗಲಾಗಲಿಲ್ಲ. ಹಾರ ಹಾಕಿಸಿಕೊಳ್ಳಬೇಕಾದ ದಾನಿಯೇ ಇಲ್ಲದೆ ಆ ಸಭೆ ನಡೆಯಿತು. ಸಂಘಸಂಸ್ಥೆಗಳ ಪದಾಧಿಕಾರಿಗಳು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕೆಂದು ನಮ್ಮ ಕೋರಿಕೆ.

ಈ ಗಾಯಕಿ ಯಾರು? ಪಾಶ್ಚಾತ್ಯರಲ್ಲಿ ಹೆಣ್ಣುಕಂಠದ ಅತ್ಯುಚ್ಚ ಸ್ಥಾಯಿಯನ್ನು ಸೊಪ್ರಾನೊ ಎನ್ನುತ್ತಾರೆ. ಆಪೆರಾ ಎಂದರೆ ನಮ್ಮ ಬಯಲಾಟದಂತೆ ಹಾಡಿನಲ್ಲೇ ಸಾಗುವ ನಾಟಕ. ಧ್ವನಿವರ್ಧಕದ ಹಂಗಿಲ್ಲದೆ, ಎಂಬತ್ತು ತೊಂಬತ್ತು ವಾದ್ಯಗಳ ಮೊರೆತವನ್ನು ದಾಟಿ ಕಂಠ ಕಡೆಯ ಸಾಲಿನವನ ಕಿವಿಯನ್ನು ಮುಟ್ಟಬೇಕು. ಫ್ಲಾಗ್‌ಸ್ಟಾಡ್ ಹುಟ್ಟಿದ್ದು 1895ರಲ್ಲಿ, ಸಂಗೀತಗಾರರ ಮನೆಯಲ್ಲಿ. ರಂಗವೇರಿದ್ದು 1913ರಲ್ಲಿ, ಹದಿನೆಂಟರ ಪ್ರಾಯದಲ್ಲಿ. ಆ ಬಳಿಕ ಸುಮಾರು ಇಪ್ಪತ್ತು ವರ್ಷ ಆಕೆಯ ಹೆಸರು ನಾರ್ವೆ, ಸ್ವೀಡನ್ ಸೀಮೆಯನ್ನು ಹೆಚ್ಚಾಗಿ ದಾಟಲೇ ಇಲ್ಲ. 1933ರಲ್ಲಿ ಜರ್ಮನಿಯ ಬೈರಾಯ್ಟ್ ಉತ್ಸವದಲ್ಲಿ ದೊರೆತದ್ದೂ ಸಣ್ಣಪುಟ್ಟ ಪಾತ್ರಗಳೇ. 1935ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗದಲ್ಲಿ ವಾಗ್ನರನ ನಾಟಕದ ಸೀಗ್ಲಿಂಡೆಯಾಗಿ ಹಾಡಿದಾಗ, ರೇಡಿಯೊದ ಮೂಲಕ ಅಮೆರಿಕ ಪೂರ್ತಿ ಆ ಕಂಠವನ್ನು ಕೇಳಿತು. ಆಗ ಆಕೆಗೆ ಮೂವತ್ತೊಂಬತ್ತು. ಮರುವರ್ಷ ಲಂಡನ್. ಲೋಕ ಬೆರಗಾದದ್ದು ಒಂದು ಸಂಜೆಗೆ. ಆ ಸಂಜೆಯ ಹಿಂದೆ ಇಪ್ಪತ್ತೆರಡು ವರ್ಷಗಳ ದುಡಿಮೆಯಿತ್ತು. ಆ ಇಪ್ಪತ್ತೆರಡು ವರ್ಷ ಆಕೆಯನ್ನು ಹಾಡಿಸಿದ್ದು, ಕೂಲಿ ಕೊಟ್ಟು ಕಾಪಾಡಿದ್ದು ಸಣ್ಣ ಭಾಷೆಗಳ ಸಣ್ಣ ರಂಗಮಂದಿರಗಳು. ಇಂದಿಗೂ ನಾರ್ವೆಯ ಜನಸಂಖ್ಯೆ ಅರುವತ್ತು ಲಕ್ಷವನ್ನು ಮುಟ್ಟಿಲ್ಲ. ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು 2011ರ ಗಣತಿಯಲ್ಲೇ ನಾಲ್ಕು ಕೋಟಿಗೂ ಮಿಗಿಲು. ಆ ಪುಟ್ಟ ನಾಡು ಮುಂದೆ ಆಕೆಯ ಚಿತ್ರವನ್ನು ತನ್ನ ನೂರು ಕ್ರೋನರಿನ ನೋಟಿನ ಮೇಲೆ ಅಚ್ಚು ಹಾಕಿಸಿತು. ನೋಟಿನ ಗೌರವ ಕೊನೆಗೆ ಬಂದದ್ದು. ಅನ್ನ ಮೊದಲೇ ಬಂದಿತ್ತು.

ಸ್ಟ್ರಾಸ್ ಆ ಗೀತೆಗಳನ್ನು ಬರೆದಾಗ ಎಂಬತ್ತು ದಾಟಿದ್ದ ವೃದ್ಧ. ಫ್ಲಾಗ್‌ಸ್ಟಾಡ್ ಅವರೇ, ಅದೂ ಶ್ರೇಷ್ಠ ವಾದ್ಯವೃಂದದೊಡನೆ, ಇವುಗಳನ್ನು ಮೊದಲು ಹಾಡಬೇಕೆಂದು ಪತ್ರ ಬರೆದು ಕೇಳಿಕೊಂಡಿದ್ದರು. 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹಾಡು ಕಿವಿಗೆ ಬೀಳಲಿಲ್ಲ. ಗಾಯಕಿಯ ದೆಸೆಯೂ ಆಗ ನೆಟ್ಟಗಿರಲಿಲ್ಲ. 1941ರಲ್ಲಿ ಜರ್ಮನರ ವಶದಲ್ಲಿದ್ದ ತಾಯ್ನಾಡಿಗೆ, ಗಂಡನ ಬಳಿಗೆ ಮರಳಿದರೆಂಬ ಕಾರಣಕ್ಕೆ ಯುದ್ಧಾನಂತರ ಅಮೆರಿಕದಲ್ಲಿ ಆಕೆಯ ಕಚೇರಿಗಳೆದುರು ಪ್ರತಿಭಟನೆಗಳು ನಡೆದಿದ್ದವು. ಅಂಥ ಹೊತ್ತಿನಲ್ಲಿ ಮೈಸೂರಿನ ಹಣ ಆ ಕಂಠದ ಬೆನ್ನಿಗೆ ನಿಂತಿತು.

"ಹೆಸರಾಂತ ಗಾಯಕಿಗೆ ಹಣ ಕೊಟ್ಟದ್ದೇನು ದೊಡ್ಡದು, ಅದನ್ನೇ ನಾವೂ ಮಾಡುತ್ತಿದ್ದೇವಲ್ಲ" ಎನ್ನುವವರಿಗೆ ನಿಕೊಲಾಯ್ ಮೆಟ್ನರ್ ಅವರನ್ನು ತೋರಿಸುತ್ತೇವೆ. ರಷ್ಯ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲಸಿದ್ದ, ವಯಸ್ಸಾದ, ಲೋಕ ಮರೆಯುತ್ತಿದ್ದ ವಾಗ್ಗೇಯಕಾರ. ಅವರ ಕೃತಿಗಳನ್ನು ಅವರಿಂದಲೇ ಪಿಯಾನೊದಲ್ಲಿ ನುಡಿಸಿ ಮುದ್ರಿಸುವ ವೆಚ್ಚವನ್ನು ಇದೇ ಒಡೆಯರು ವಹಿಸಿದರು. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ಮತ್ತೊಬ್ಬ ಸೊಪ್ರಾನೊ ಆ ವೃದ್ಧರ ಪಿಯಾನೊದೊಡನೆ ಅವರ ಗೀತೆಗಳನ್ನು ಹಾಡಿದ್ದೂ ಈ ಯೋಜನೆಯಲ್ಲೇ. 1951ರಲ್ಲಿ ಮೆಟ್ನರ್ ತೀರಿಕೊಂಡರು, ಮುದ್ರಿಕೆಗಳು ಉಳಿದಿವೆ. ಶಾಲು ಹೊದಿಸಿ ಕಳುಹಿಸಿದ್ದರೆ ಏನು ಉಳಿಯುತ್ತಿತ್ತು?

ಇನ್ನೊಂದು ಆಕ್ಷೇಪವಿದೆ, ಅದು ಗಟ್ಟಿಯಾದದ್ದು. ನಾಡಿನ ಶಾಲೆಗಳಿಗೆ ಸೂರಿಲ್ಲದಿರುವಾಗ ಲಂಡನ್ನಿನ ವಾದ್ಯವೃಂದಕ್ಕೆ ಹಣವೇ? ನಲವತ್ತು ವರ್ಷ ಪಾಠ ಹೇಳಿದ ನಮಗೆ ಈ ಪ್ರಶ್ನೆಯ ಬಿಸಿ ತಿಳಿದಿದೆ. ಅರಸೊತ್ತಿಗೆಯ ಎಲ್ಲ ಖರ್ಚನ್ನೂ ಸಮರ್ಥಿಸುವ ಹೊರೆ ನಮಗೆ ಬೇಡ. ಆದರೆ ಇದೇ ಕೈ ಋಗ್ವೇದ ಸಂಹಿತೆಯನ್ನು ಕನ್ನಡದ ಅರ್ಥವಿವರಣೆಯೊಡನೆ ಸಂಪುಟ ಸಂಪುಟವಾಗಿ ಅಚ್ಚು ಮಾಡಿಸಿತು; ಇದೇ ಒಡೆಯರು ಕರ್ನಾಟಕ ಸಂಗೀತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಹೊರಗಿನದನ್ನು ಕೇಳಿದ ಕಿವಿ ಮನೆಯದಕ್ಕೆ ಕಿವುಡಾಗಲಿಲ್ಲ. 1964ರಿಂದ 1966ರವರೆಗೆ ಅವರು ಮದರಾಸಿನ ರಾಜ್ಯಪಾಲರಾಗಿದ್ದರು, ಎಂದರೆ ಹೊಸೂರು, ಮತ್ತಿಗಿರಿಯ ನಮಗೂ ರಾಜ್ಯಪಾಲರು. ಗಡಿನಾಡ ಕನ್ನಡಿಗರಾದ ನಾವು ಇದನ್ನೂ ಮರೆತಿದ್ದೇವೆ.

ಈಗ ನಮ್ಮ ಮನೆಯ ಲೆಕ್ಕ. ವರ್ಷಕ್ಕೊಮ್ಮೆ ಸಮ್ಮೇಳನ. ಬೆಂಗಳೂರಿನಿಂದ ಬಂದ ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಫಲತಾಂಬೂಲ, ಗಾಜಿನ ಪೆಟ್ಟಿಗೆಯ ಸ್ಮರಣಿಕೆ. ಹೊದಿಸಿದ ಶಾಲು ಅವರ ಮನೆಯಲ್ಲಿ ಎಷ್ಟನೆಯದೋ! ಕೊನೆಗೆ ಈ ಸ್ಮರಣ ಸಂಚಿಕೆ. ಇದರ ಮೊದಲ ಪುಟಗಳು ಶುಭಾಶಯದ ಭಾವಚಿತ್ರಗಳಿಗೆ ಮೀಸಲು. ಪ್ರಾರ್ಥನೆ ಹಾಡಲು ಮಾತ್ರ ನಮ್ಮೂರ ಹೆಣ್ಣುಮಗು ಬೇಕು. ಹಾಡು ಮುಗಿದೊಡನೆ ಅವಳಿಗೊಂದು ಪೆನ್ನು ಕೊಟ್ಟು ಕೆಳಗಿಳಿಸುತ್ತೇವೆ. ದಾಸರ ಪದವನ್ನು ಶ್ರುತಿ ಕದಲದೆ ಹಾಡುವ ಮಕ್ಕಳನ್ನು ತಳಿ, ಕೆಲಮಂಗಲ, ದೇನ್ಕನಿಕೋಟೆಯ ಕಡೆಯ ಶಾಲೆಗಳಲ್ಲಿ ನಾವು ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರ ಹಾಡು ಹತ್ತನೆಯ ತರಗತಿಯೊಡನೆ ಮುಗಿಯುತ್ತದೆ. ಕಲಿಸುವವರಿಲ್ಲ, ಬೆಂಗಳೂರಿಗೆ ಹೋಗಿಬರಲು ಬಸ್ಸಿನ ಚಾರ್ಜಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಕನ್ನಡ ಶಾಲೆಗಳಿಗೆ ಮಕ್ಕಳು ಬರುತ್ತಿಲ್ಲವೆಂದು ವೇದಿಕೆಯಲ್ಲಿ ಕಣ್ಣೀರಿಡುವ ನಾವು, ಬಂದ ಮಕ್ಕಳಿಗೆ ಏನು ಕೊಟ್ಟಿದ್ದೇವೆ?

ಮತ್ತಿಗಿರಿಯ ಜಾನುವಾರು ಕ್ಷೇತ್ರದ ಪಕ್ಕದಲ್ಲಿ ಬಾಳುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕೆ? ವರ್ಷವಿಡೀ ಮೇವು ಹಾಕದೆ ಜಾತ್ರೆಯ ದಿನ ಕೊಂಬಿಗೆ ಬಣ್ಣ ಬಳಿಯುವವನನ್ನು ನಮ್ಮ ರೈತರು ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಮುಂದಿನ ಸಮ್ಮೇಳನದಲ್ಲಿ ಶಾಲು, ಪೇಟ, ಸ್ಮರಣಿಕೆಗಳು ಬೇಡ. ಅತಿಥಿಗಳಿಗೆ ಒಂದು ಪುಸ್ತಕ, ಒಂದು ನಮಸ್ಕಾರ ಸಾಕು. ಉಳಿದ ಹಣದಲ್ಲಿ ಒಬ್ಬ ಸಂಗೀತ ಶಿಕ್ಷಕರನ್ನು ಮೂರು ವರ್ಷಗಳ ಮಟ್ಟಿಗೆ ನೇಮಿಸಿ, ಭಾನುವಾರಗಳಂದು ನಮ್ಮ ಮಕ್ಕಳಿಗೆ ಪಾಠವಾಗಲಿ. ತೆಲುಗು, ತಮಿಳು ಮನೆಮಾತಿನ ಮಕ್ಕಳು ಬಂದರೂ ಕೂರಿಸಿಕೊಳ್ಳೋಣ, ಶ್ರುತಿಗೆ ಗಡಿಕಲ್ಲಿಲ್ಲ. ಮೂರು ವರ್ಷ ಕಲಿತ ಮಗುವಿನ ಹಾಡನ್ನು ಚೆನ್ನಾಗಿ ಮುದ್ರಿಸಿ ಇಡೋಣ. ಖರ್ಚು ಕೊಟ್ಟವರ ಹೆಸರನ್ನು ವೇದಿಕೆಯಲ್ಲಿ ಓದುವುದು ಬೇಡ. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ನಿರ್ಣಯವನ್ನು ನಾವೇ ಮಂಡಿಸುತ್ತೇವೆ. ಅನುಮೋದಿಸುವವರು ಒಬ್ಬರು ಬೇಕಾಗಿದ್ದಾರೆ.