ಗಗನದ ಗಂಟೆ, ನೆಲದ ಗಂಟೆ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ಆಕಾಶಮಾರ್ಗವಾಗಿ ಸುಮಾರು 385 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ, ಏರಿಳಿಯುವ ಹೊತ್ತೂ ಸೇರಿ, ಒಂದು ಗಂಟೆಯ ಆಸುಪಾಸಿನ ಹಾದಿ. ಲೆಕ್ಕವೇನೋ ಸರಿಯೆ. ಆದರೆ ಅದು ಆರಂಭವಾಗುವುದು ಎಲ್ಲಿಂದ?

ನಾನು ನಾಗಮಂಗಲದ ಕಡೆಯ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಊರಿನಿಂದ ನಾಗಮಂಗಲ, ಅಲ್ಲಿಂದ ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಹಾದು ಮೈಸೂರು, ಅದರಾಚೆ ಮಂಡಕಳ್ಳಿ. ಬಸ್ಸು ಕಾಯುವುದೂ ಸೇರಿದರೆ ಮೂರು ಗಂಟೆಗೆ ಕಡಮೆಯಿಲ್ಲ. ಕೃಷ್ಣರಾಜಪೇಟೆಯ ಗೆಳೆಯರ ಪಾಡೂ ಹೆಚ್ಚು ಬೇರೆಯಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಆಕಾಶ ಉಳಿಸಿದ ಹೊತ್ತನ್ನು ನೆಲ ನುಂಗುತ್ತದೆ. ಕಳೆದ ವರ್ಷ ಬೆಳಗಿನ ಬಸ್ಸು ಬಾರದೆ ನನಗೆ ಉದ್ಯೋಗದ ಪರೀಕ್ಷೆಯೊಂದು ತಪ್ಪಿತು. ಅದು ನಡೆದದ್ದು ಹುಬ್ಬಳ್ಳಿಯಲ್ಲಲ್ಲ, ಮೈಸೂರಿನಲ್ಲಿಯೇ!

ಸಣ್ಣ ಊರುಗಳವರೂ ಹಾರಲೆಂದು 2016ರಲ್ಲಿ ಕೇಂದ್ರ ಸರ್ಕಾರ ‘ಉಡಾನ್’ ಯೋಜನೆಯನ್ನು ಸಾರಿತು. ಆಶಯ ದೊಡ್ಡದು, ನಾನದನ್ನು ವಿರೋಧಿಸುವವನಲ್ಲ. ಆದರೆ ದೂರವನ್ನು ಅಳೆಯುವಾಗ ರನ್‌ವೇಯಿಂದಲ್ಲ, ಹಳ್ಳಿಯ ಬಸ್ಸು ನಿಲ್ಲುವ ಮರದಡಿಯಿಂದ ಅಳೆಯಬೇಕು. ವಿಮಾನಗಳು ಹೆಚ್ಚಲಿ, ಅದಕ್ಕೆ ಮೊದಲು ಹೊತ್ತಿಗೆ ಸರಿಯಾಗಿ ಬರುವ ಒಂದು ಬೆಳಗಿನ ಬಸ್ಸು ನಮ್ಮ ಹಳ್ಳಿಗಳಿಗೆ ದೊರೆಯಲಿ ಎಂಬುದೇ ನನ್ನ ವಿನಮ್ರ ಅಭಿಪ್ರಾಯ.