ಬಿದ್ದ ಮೇಲೂ ಬದುಕುಂಟು

ದೀಪಾವಳಿ ಬಂತೆಂದರೆ ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಕಾವು. ಕೊರಳ ತುಂಬ ಕೊಬ್ಬರಿ ಸರ ಹೊತ್ತು ಓಡುವ ಹೋರಿಗೆ ಎದುರಾಗಿ ಕೊಬ್ಬರಿ ಹರಿಯುವುದು ಹುಡುಗರಿಗೆ ಪೌರುಷದ ಮಾತು. ಕಬಡ್ಡಿಯ ಪಟ್ಟು, ಕೆರೆ ಏರಿಯಿಂದ ಜಿಗಿತ ಇವೂ ಅಷ್ಟೆ. ಒಂದು ಕ್ಷಣ ಆಯ ತಪ್ಪಿದರೆ ಕತ್ತಿನ ಮೂಳೆ ಮುರಿಯಬಹುದು. ಒಳಗಿನ ಬೆನ್ನುಹುರಿಗೆ ಪೆಟ್ಟಾದರೆ ಮಿದುಳಿನ ಅಪ್ಪಣೆ ಕೈಕಾಲುಗಳನ್ನು ಮುಟ್ಟುವುದಿಲ್ಲ. ಹಾಗಾದವರ ಬಾಳು ಅಲ್ಲಿಗೇ ಮುಗಿಯಿತೆ?

ನೆರೆಯ ತಮಿಳುನಾಡಿನ ಪ್ರೀತಿ ಶ್ರೀನಿವಾಸನ್ ಇದಕ್ಕೆ ಉತ್ತರ. ರಾಜ್ಯದ 19 ವರ್ಷದೊಳಗಿನವರ ಮಹಿಳಾ ಕ್ರಿಕೆಟ್ ತಂಡದ ನಾಯಕಿ, ಒಳ್ಳೆಯ ಈಜುಗಾರ್ತಿ. 1998ರಲ್ಲಿ ಪಾಂಡಿಚೇರಿಯ ಕಡಲಿನಲ್ಲಿ ಎಡವಿ ನೀರಿಗೆ ಧುಮುಕಿದಾಗ ಕತ್ತಿನಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. ಆಗ ವಯಸ್ಸು ಕೇವಲ 18. ಜನರ ಮುಖ ನೋಡಲಾರದೆ ಮನೆಯೊಳಗೇ ಉಳಿದ ದಿನಗಳೂ ಇದ್ದವು. ತಂದೆ ತಾಯಿ ಮಗಳ ಕೈಬಿಡಲಿಲ್ಲ. ಮುಂದೆ 2013ರಲ್ಲಿ ಆಕೆ ತಿರುವಣ್ಣಾಮಲೈಯಲ್ಲಿ 'ಸೋಲ್‌ಫ್ರೀ' ಸಂಸ್ಥೆ ಕಟ್ಟಿ, ತನ್ನಂತೆಯೇ ಬೆನ್ನುಹುರಿಗೆ ಪೆಟ್ಟಾದವರಿಗೆ ಆಸರೆಯಾದರು. ಕಾಲು ಮರಳಿ ಬರಲಿಲ್ಲ, ಬದುಕು ಬಂತು.

ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು. ಆಟದಲ್ಲಿ ಯಾರಾದರೂ ಬಿದ್ದು ಕತ್ತು ನೋವೆಂದರೆ, ಕೈಕಾಲು ಜೋಮು ಹಿಡಿದಿದೆಯೆಂದರೆ ಅವರನ್ನು ಎತ್ತಿ ಕೂರಿಸಬಾರದು, ಬೈಕಿನ ನಡುವೆ ಇಟ್ಟುಕೊಂಡು ಓಡಬಾರದು. ತಲೆ, ಕತ್ತು ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು. ಅವಸರದ ಉಪಕಾರವೇ ಎಷ್ಟೋ ಸಲ ಹುರಿಯ ಗಾಯವನ್ನು ಹೆಚ್ಚಿಸುತ್ತದೆ.

ತಂದೆ ತಾಯಿಯರ ಪರೀಕ್ಷೆ ಆಸ್ಪತ್ರೆಯಿಂದ ಬಂದ ಮೇಲೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈಗೆ ಹಾಸಿಗೆ ಹುಣ್ಣು. ದಿನವೂ ಕೀಲುಗಳನ್ನು ಆಡಿಸಬೇಕು, ಮೂತ್ರದ ಸೋಂಕಿನ ಮೇಲೆ ಕಣ್ಣಿಡಬೇಕು. ಇವೆಲ್ಲಕ್ಕಿಂತ ಮುಖ್ಯ, ಮಗುವಿನ ಕೈಗೆ ಪುಸ್ತಕವನ್ನು ಮರಳಿ ಕೊಡುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಇಂಥವರಿಗೆ ಮೀಸಲು. ಅದು ದಾನವಲ್ಲ, ಹಕ್ಕು.

'ಅಯ್ಯೋ ಪಾಪ' ಎಂದು ನೋಡಿ ಹೋಗುವವರು ಬಹಳ. 'ನಾಳೆ ಯಾವ ಪಾಠ ಓದೋಣ?' ಎಂದು ಮಂಚದ ಪಕ್ಕ ಕೂರುವ ಒಬ್ಬ ಗೆಳೆಯ ಸಾಕು, ಭರವಸೆ ಮತ್ತೆ ಚಿಗುರುವುದಕ್ಕೆ.