ಕೆಮಿಕಲ್ ಎಂಜಿನಿಯರ್‌ಗೆ ಕೆಲಸವಿದೆ, ಹುದ್ದೆಯಿಲ್ಲ

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ಗೌರಿಬಿದನೂರು, ಚಿಂತಾಮಣಿಯ ಸೈಬರ್ ಸೆಂಟರ್‌ಗಳಲ್ಲಿ ಕಂಪ್ಯೂಟರ್ ಸೈನ್ಸ್‌ನದೇ ಜಪ. ಕೆಮಿಕಲ್ ಎಂಜಿನಿಯರಿಂಗ್ ಪಟ್ಟಿಯ ಕೊನೆಗೆ ಬೀಳುತ್ತದೆ. ‘ಅದನ್ನು ಓದಿದರೆ ಕೆಲಸ ಎಲ್ಲಿದೆ?’ ಎಂಬ ಪೋಷಕರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಊರುಗಳಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ವಿದ್ಯೆಗೆ ಕೆಲಸ ಬೇಕಾದಷ್ಟಿದೆ; ಇಲ್ಲದಿರುವುದು ಹುದ್ದೆ.

ಈ ವಿಭಾಗ ಬರೀ ರಸಾಯನಶಾಸ್ತ್ರವಲ್ಲ. ಪ್ರಯೋಗಾಲಯದ ಬೀಕರಿನಲ್ಲಿ ಸಾಧ್ಯವಾದದ್ದನ್ನು ಟನ್‌ಗಟ್ಟಲೆ, ಸುರಕ್ಷಿತವಾಗಿ, ಕಡಿಮೆ ಖರ್ಚಿನಲ್ಲಿ ಮಾಡುವ ವಿದ್ಯೆ ಇದು. ಇದೇ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರಲ್ಲಿ ಭದ್ರಾವತಿಯಲ್ಲಿ ತಲೆಯೆತ್ತಿದ ಕಾರ್ಖಾನೆಯ ಹೆಸರಿನಲ್ಲೇ ಕಬ್ಬಿಣದ ಜೊತೆ ಮರದ ಬಟ್ಟಿ ಇಳಿಸುವಿಕೆ ಎಂಬ ಇದೇ ವಿದ್ಯೆಯ ಕೆಲಸವೂ ಇತ್ತು.

ಜಿಲ್ಲೆಯಲ್ಲಿ ಈ ವಿದ್ಯೆಗಿರುವ ಕೆಲಸಗಳಲ್ಲಿ ಮೊದಲು ನೀರನ್ನೇ ನೋಡೋಣ. ಈ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಪಿಡುಗು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕೇ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಹಿಂಬದಿಯ ಪೈಪಿನಿಂದ ಫ್ಲೋರೈಡ್ ಇನ್ನಷ್ಟು ಸಾಂದ್ರವಾದ ನೀರು ಚರಂಡಿಗೆ ಹರಿಯುತ್ತದೆ. ನೀರು ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಂಡರೆ ಘಟಕಕ್ಕೆ ಬೀಗ. ಪೊರೆಯನ್ನು ಯಾವಾಗ ತೊಳೆಯಬೇಕು, ಒಳಗೆ ಒತ್ತಡ ಎಷ್ಟಿರಬೇಕು, ತಿರಸ್ಕೃತ ನೀರನ್ನು ಏನು ಮಾಡಬೇಕು? ಕೆಮಿಕಲ್ ಎಂಜಿನಿಯರಿಂಗ್ ತರಗತಿಯಲ್ಲಿ ಕಲಿಸುವುದೇ ಇದನ್ನು. ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತ ಬೇಕು ಎಂಬ ಕೂಗನ್ನು ಲೆಕ್ಕಹಾಕಿ ವಾದಿಸಬಲ್ಲವನೂ ಇದೇ ವಿದ್ಯೆಯವನು.

ಶಿಡ್ಲಘಟ್ಟದ ರೇಷ್ಮೆಯೂ ಹಾಗೆಯೇ. ರೇಷ್ಮೆ ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಗೂಡು ಬೇಯಿಸುವಾಗ ಸ್ವಲ್ಪ, ಮುಂದೆ ಅಂಟು ಬಿಡಿಸುವಾಗ ಉಳಿದದ್ದು ನೀರಿನ ಪಾಲಾಗುತ್ತದೆ. ಪ್ರಸಾಧನ ಸಾಮಗ್ರಿ ತಯಾರಿಕೆಯಲ್ಲಿ ಬೇಡಿಕೆಯಿರುವ ಈ ಪ್ರೋಟೀನನ್ನು ಬೇರ್ಪಡಿಸಿದರೆ ಚರಂಡಿಯ ಹೊರೆ ಇಳಿದು ವರಮಾನ ಬರುತ್ತದೆ. ಆದರೆ ಗೂಡಿನಿಂದ ನೂಲು ಬಿಚ್ಚುವ ಸಣ್ಣ ರೀಲರ್ ತಾನೊಬ್ಬನೇ ಎಂಜಿನಿಯರನ್ನು ಇಟ್ಟುಕೊಳ್ಳಲಾರ. ಕೆಲಸ ಹುದ್ದೆಯಾಗದಿರುವುದು ಇಲ್ಲೇ.

ಹೀಗಾಗಿ ಇಂದಿನ ವಿದ್ಯಾರ್ಥಿ ಮೊದಲು ಹೊರಗೆ ಹೋಗಬೇಕಾದೀತು. ಮಂಗಳೂರಿನ ಎಂಆರ್‌ಪಿಎಲ್, ಹೈದರಾಬಾದಿನ ಔಷಧ ಕಾರ್ಖಾನೆಗಳು, ಗುಜರಾತಿನ ರಾಸಾಯನಿಕ ಉದ್ಯಮ ಸಹಜ ದಾರಿಗಳು. ಪಾಳಿ ಕೆಲಸಕ್ಕೂ ಪ್ಲಾಂಟಿನ ಸದ್ದಿಗೂ ಮನಸ್ಸು ಸಿದ್ಧವಿರಬೇಕು. ಮುಂದೆ ಓದುವವರಿಗೆ ಗೇಟ್ ಪರೀಕ್ಷೆಯೇ ಹೆಬ್ಬಾಗಿಲು. ಅದರ ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ. ಐಐಎಸ್‌ಸಿ, ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂಟೆಕ್‌ಗೆ ದಾರಿ ಮಾಡಿಕೊಡುತ್ತದೆ. ಗೌರಿಬಿದನೂರಿಗೆ ಭೂಕಂಪನ ಕೇಂದ್ರದಿಂದ ಪರಿಚಿತವಾದ ಭಾಭಾ ಅಣು ಸಂಶೋಧನಾ ಕೇಂದ್ರವೂ ತನ್ನ ತರಬೇತಿ ಶಾಲೆಗೆ ಕೆಮಿಕಲ್ ಪದವೀಧರರನ್ನು ಆರಿಸಿಕೊಳ್ಳುತ್ತದೆ. ಆಹಾರ ಸಂಸ್ಕರಣೆಯ ಸಂಶೋಧನೆಗೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ‘ಎಂಟೆಕ್ ಆದರೆ ಸಂಬಳ ಜಾಸ್ತಿ’ ಎಂಬ ಒಂದೇ ಕಾರಣಕ್ಕೆ ಸೇರುವುದಕ್ಕಿಂತ ನೀರು, ಪಾಲಿಮರ್, ಬ್ಯಾಟರಿ, ಜೈವಿಕ ಪ್ರಕ್ರಿಯೆ ಇವುಗಳಲ್ಲಿ ಯಾವುದರ ಬೆನ್ನು ಹತ್ತಬೇಕೆಂದು ಮೊದಲೇ ತೀರ್ಮಾನಿಸಿದರೆ ಎರಡು ವರ್ಷ ವ್ಯರ್ಥವಾಗದು.

ಹುದ್ದೆ ತಾನಾಗಿ ಹುಟ್ಟುವುದಿಲ್ಲ. ಪ್ರತಿ ತಾಲ್ಲೂಕಿನ ನೀರಿನ ಘಟಕಗಳ ಉಸ್ತುವಾರಿಗೆ ಒಬ್ಬ ಪ್ರೋಸೆಸ್ ಎಂಜಿನಿಯರನ್ನು ಜಿಲ್ಲಾ ಪಂಚಾಯಿತಿ ಗುತ್ತಿಗೆ ಮೇಲಾದರೂ ನೇಮಿಸಲಿ. ರೀಲರ್‌ಗಳು ಸೇರಿ ಒಂದು ಸೆರಿಸಿನ್ ಘಟಕ ಕಟ್ಟಲು ರೇಷ್ಮೆ ಇಲಾಖೆ ನೆರವಾಗಲಿ. ಎಂಜಿನಿಯರಿಂಗ್ ಕಾಲೇಜುಗಳು ಕಡ್ಡಾಯ ಇಂಟರ್ನ್‌ಶಿಪ್ಪನ್ನು ಬೆಂಗಳೂರಿನ ಸರ್ಟಿಫಿಕೇಟಿಗೆ ಸೀಮಿತಗೊಳಿಸದೆ ಈ ಘಟಕಗಳಿಗೆ ತರಲಿ. ಇಷ್ಟು ಮಾಡದೆ, ಮಕ್ಕಳು ಕೆಮಿಕಲ್ ಆರಿಸುತ್ತಿಲ್ಲ ಎಂದು ದೂರುವ ಹಕ್ಕು ಯಾರಿಗೂ ಇಲ್ಲ.